ಗಂಗರತ್ನಮ್ಮನ ಬಾಗಿಲಿಗೆ ಬಂದ ಸೀರೆ

ಗಂಗರತ್ನಮ್ಮ ಪಾಳೇಗಾರರ ಮನೆಯ ಸೊಸೆ. ಪಾಳೇಪಟ್ಟು ಹೋಗಿ ಯಾವ ಕಾಲವಾಗಿದ್ದರೂ ಯಲ್ದೂರಿನಾಚೆಯ ಆ ಹಳ್ಳಿಯಲ್ಲಿ ಅದು ಈಗಲೂ ದೊಡ್ಡಮನೆಯೇ. ಗೋಡೆ ಬಿರುಕು ಬಿಟ್ಟಿತ್ತು, ನಡುಮನೆಯಲ್ಲಿ ತೂಗುಹಾಕಿದ್ದ ಕತ್ತಿ ತುಕ್ಕು ಹಿಡಿದಿತ್ತು, ಗತ್ತು ಮಾತ್ರ ಒಂದು ಕೂದಲೆಳೆಯಷ್ಟೂ ಕಡಿಮೆಯಾಗಿರಲಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುತ್ತಾರಲ್ಲ, ಆ ಪೈಕಿ.

ಅವಳು ಮುಳಬಾಗಿಲು ಕಡೆಯ ಹುಡುಗಿ. ಅಪ್ಪ ಅಮ್ಮ ಇಲ್ಲ, ಅಣ್ಣತಮ್ಮಂದಿರು ಮೊದಲೇ ಇಲ್ಲ. ಸೋದರಮಾವ ಸಾಕಿ, ದೊಡ್ಡ ಮನೆತನ ಎಂದು ಧಾರೆ ಎರೆದುಕೊಟ್ಟು ಕೈತೊಳೆದುಕೊಂಡ. ಮದುವೆಯಾದ ನಾಲ್ಕನೇ ವರ್ಷ ಗಂಡ ಶ್ರೀನಿವಾಸಪುರದಿಂದ ಮೋಟಾರ್ ಬೈಕಿನಲ್ಲಿ ಬರುವಾಗ ಮೋರಿಗೆ ಬಡಿದು ಸತ್ತ. ಅವಳಿಗೆ ಆಗ ಇಪ್ಪತ್ತನಾಲ್ಕು. ಮಕ್ಕಳಿರಲಿಲ್ಲ. ಕೆರೆಯ ಹಿಂದಿನ ಮಾವಿನ ತೋಪು ಗಂಡನ ಪಾಲಿಗೆ ಬಂದದ್ದು, ಅದು ಅವಳಿಗೆ ಉಳಿಯಿತು. ಮನೆಯ ಯಜಮಾನಿಕೆ ಗಂಡನ ಅಣ್ಣ ನರಸಿಂಹಪ್ಪನದು. ಒಳ್ಳೆಯ ಮನುಷ್ಯ ಅಂತಲೇ ಹೆಸರು. ತಮ್ಮನ ಹೆಂಡತಿಗೆ ಊಟ ಬಟ್ಟೆಗೆ ಕೊರತೆ ಮಾಡಲಿಲ್ಲ, ಗದರಲಿಲ್ಲ. ಅವನಿಗಿದ್ದ ಭಯ ಒಂದೇ. ಈ ಹುಡುಗಿ ಎಲ್ಲಾದರೂ ಇನ್ನೊಬ್ಬನ ಕೈಹಿಡಿದರೆ ತೋಪೂ ಅವಳ ಹಿಂದೆಯೇ ಹೊಸಿಲು ದಾಟುತ್ತದಲ್ಲ ಎಂದು.

ಆ ಮನೆಯಲ್ಲಿ ಅವಳಿಗೆ ಬಾಯಿಬಿಟ್ಟು ಮಾತಾಡಲು ಇದ್ದವಳು ಆಂಜಿನಮ್ಮ ಒಬ್ಬಳೇ. ಕಸ ಮುಸುರೆಯಿಂದ ಹಿಡಿದು ತೋಪಿನ ಕಾವಲಿನವರೆಗೆ ಎಲ್ಲಕ್ಕೂ ಅವಳೇ. ಸುದ್ದಿಯೂ ಅವಳಿಂದಲೇ ಬರಬೇಕು. ಎಪ್ಪತ್ತಾರರ ಮಳೆಗಾಲದಲ್ಲಿ ಒಂದು ದಿನ ಸಂತೆಯಿಂದ ಬಂದವಳು ಬುಟ್ಟಿ ಇಳಿಸುವ ಮೊದಲೇ ಶುರುಮಾಡಿದಳು.

"ಅಯ್ಯೋ ದೇವುಡಾ! ಅಮ್ಮಣ್ಣೀ, ಸುಂಕದೋರಿಗೆ ಇವತ್ತು ಪೂಜೆ ಆಯ್ತು!"

ಸುಂಕದವರೆಂದರೆ ಸಂತೆಯ ಗುತ್ತಿಗೆ ಹಿಡಿದವನ ಆಳುಗಳು. ಸಂತೆಯೊಳಗೆ ವಸೂಲಿ ಮಾಡುವುದು ಬಿಟ್ಟು ದಾರಿಯಲ್ಲೇ ಹೆಂಗಸರನ್ನು ಅಡ್ಡಹಾಕಿ ಕೋಳಿ ಕಿತ್ತುಕೊಳ್ಳುತ್ತಿದ್ದರು, ಬದನೆಕಾಯಿ ಸುರಿದುಕೊಳ್ಳುತ್ತಿದ್ದರು, ಸೆರಗಿಗೂ ಕೈಹಾಕುತ್ತಿದ್ದರು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಏನು ಬಂತು? ಎಲ್ಲರೂ ಸಹಿಸಿಕೊಂಡಿದ್ದರು. ಆ ದಿನ ದಾರಿಬದಿಯ ಒಂದು ತೋಪಿನೊಳಗಿಂದ ಒಬ್ಬ ನುಗ್ಗಿ ಬಂದನಂತೆ. ಮಳೆ ಬಂದಾಗ ರೈತರು ಗೋಣಿಚೀಲದ ಒಂದು ಮೂಲೆಯನ್ನು ಇನ್ನೊಂದರೊಳಕ್ಕೆ ಮಡಿಚಿ ತಲೆಗೆ ಹಾಕಿಕೊಳ್ಳುವ ಕೊಪ್ಪೆ, ಕಣ್ಣಿನ ಕೆಳಗೆ ಬಿಗಿಯಾಗಿ ಕಟ್ಟಿದ ವಸ್ತ್ರ, ಕೈಯಲ್ಲಿ ಬಿದಿರು ದೊಣ್ಣೆ. ಮೂವರನ್ನೂ ಮೋರಿಗೆ ಕೆಡವಿ, ಕೋಳಿಗಳನ್ನು ಅವರವರಿಗೇ ಕೊಟ್ಟು, ಬಂದ ಹಾಗೇ ಮರೆಯಾದನಂತೆ. ಒಂದು ಮುದುಕಿ 'ಮುಸುಗು ದೊರ ವಚ್ಚಿನಾಡೇ', ಮುಸುಕಿನ ದೊರೆ ಬಂದನಲ್ಲೇ, ಎಂದು ಕೈಮುಗಿದಳಂತೆ. ಅದೇ ಹೆಸರು ನಿಂತಿತು. ಮುಸುಕುದೊರೆ.

ಅಲ್ಲಿಂದ ಮುಂದೆ ಅವನ ಸುದ್ದಿ ಇಲ್ಲದ ಸಂತೆಯೇ ಇಲ್ಲ. ಇವತ್ತು ಶ್ರೀನಿವಾಸಪುರದ ದಾರಿಯಲ್ಲಿ, ಮುಂದಿನ ವಾರ ಹುತ್ತೂರು ಕಡೆ ರೇಷ್ಮೆಗೂಡಿನ ಗಾಡಿ ತಡೆದವರ ಬೆನ್ನಮೇಲೆ. ಯಾರ ಮಗ, ಯಾವ ಊರು, ಯಾರಿಗೂ ಗೊತ್ತಿಲ್ಲ. ಗಂಡಸರು ನಮ್ಮೂರಿನವನೇ ಇರಬೇಕು ಎಂದು ಎದೆಯುಬ್ಬಿಸಿದರು. ಹೆಂಗಸರು ಯಾವ ಊರಿನವನಾದರೇನು, ತಣ್ಣಗಿರಲಿ ಅಂದರು.

ಗಂಗರತ್ನಮ್ಮ ಅವನನ್ನು ಕಂಡದ್ದು ಮಾರನೆಯ ಬೇಸಗೆ. ಉಪ್ಪಿನಕಾಯಿಗೆ ಉದುರುಗಾಯಿ ಆರಿಸಲು ಆಂಜಿನಮ್ಮನ ಜೊತೆ ತೋಪಿಗೆ ಹೋಗಿದ್ದಳು. ಉರಿಬಿಸಿಲು. ಕಾವಲು ಗುಡಿಸಲಿನಲ್ಲಿ ನೀರು ಕುಡಿಯೋಣ ಎಂದು ಹೋದರೆ ಒಳಗೆ ಅವನು ಕೂತಿದ್ದಾನೆ. ಅಂಗೈ ಸೀಳಿ ರಕ್ತ ಸೋರುತ್ತಿದೆ. ಇವಳನ್ನು ಕಂಡ ಕೂಡಲೇ ಜಾರಿದ್ದ ವಸ್ತ್ರವನ್ನು ಮೇಲೆಳೆದು ಗೋಡೆಯ ಕಡೆ ತಿರುಗಿಕೊಂಡ.

"ಅಮ್ಮಾವ್ರೇ, ನನ್ನ ಮುಖ ನೋಡ್ಬೇಡಿ. ನೋಡಿದ್ರೆ ನಾಳೆ ಪೊಲೀಸ್ನೋರು ಕೇಳ್ದಾಗ ನೀವು ಸುಳ್ಳು ಹೇಳ್ಬೇಕಾಗ್ತದೆ."

ಆ ಒಂದು ಮಾತಿಗೆ ಅವಳು ಸೋತುಹೋದಳು. ತಾನು ಸುಳ್ಳು ಹೇಳುವಂತಾಗಬಾರದು ಎಂದು ಇವನಿಗೆ ಚಿಂತೆ! ಗಂಡ ಸತ್ತ ಮೇಲೆ ಅವಳು ಏನು ಉಟ್ಟಳು, ಎಲ್ಲಿ ಹೋದಳು ಎಂದು ಚಿಂತೆ ಮಾಡಿದವರು ಬಹಳ ಮಂದಿ. ಅವಳ ಮನಸ್ಸಿನ ಬಗ್ಗೆ ಒಬ್ಬರೂ ಇಲ್ಲ. ಸೆರಗಿನ ಅಂಚು ಹರಿದು, ಆಂಜಿನಮ್ಮನನ್ನು ಓಡಿಸಿ ಮನೆಯಿಂದ ಅರಿಶಿನ ತರಿಸಿ, ಗಾಯಕ್ಕೆ ಕಟ್ಟಿದಳು. ಮುಖ ನೋಡಲಿಲ್ಲ. ಕೈಯನ್ನು ಮಾತ್ರ ಚೆನ್ನಾಗಿ ನೋಡಿದಳು.

ಆಮೇಲೆ ಉಪ್ಪಿನಕಾಯಿಗೆ ಎಷ್ಟು ಉದುರುಗಾಯಿ ಬೇಕಾಯಿತೋ ಲೆಕ್ಕವಿಲ್ಲ. ಮಧ್ಯಾಹ್ನ ಊರು ಮಲಗಿದಾಗ ಅವಳು ತೋಪಿನಲ್ಲಿರುತ್ತಿದ್ದಳು, ವಾರಕ್ಕೊಮ್ಮೆ ಅವನೂ. ಆಂಜಿನಮ್ಮ ದೂರದಲ್ಲಿ ಕೂತು ಹುಣಸೆ ಬೀಜ ಕುಟ್ಟುತ್ತಾ ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಮೊದಮೊದಲು 'ಅಮ್ಮಾವ್ರೇ' ಅನ್ನುತ್ತಿದ್ದವನು ಯಾವಾಗ 'ರತ್ನ' ಅಂದನೋ ಅವಳಿಗೂ ತಿಳಿಯದು. ಅವಳು ಅವನನ್ನು ಕೀಟಲೆಗೆ 'ದೊರೆ' ಅನ್ನುತ್ತಿದ್ದಳು, ಬರಬರುತ್ತಾ ಅದು ಕೀಟಲೆಯಾಗಿ ಉಳಿಯಲಿಲ್ಲ. ಆ ಬೇಸಗೆ ಮುಗಿಯುವುದರೊಳಗೆ ಅವಳು ಅವನವಳಾಗಿದ್ದಳು. ಅದರಲ್ಲಿ ಮುಚ್ಚಿಡುವುದೇನೂ ಇಲ್ಲ, ನಾಚುವುದೂ ಇಲ್ಲ.

ಮುಖ ನೋಡದೆ ಪ್ರೀತಿಯೇ ಎಂದು ನಗುವವರು ನಗಲಿ. ಅಂತರಪಟ ಸರಿಯುವವರೆಗೆ ಗಂಡನ ಮುಖ ಕಾಣದೆ ಹಸೆಮಣೆ ಏರಿದವರೇ ನಮ್ಮಲ್ಲಿ ಮುಕ್ಕಾಲುಪಾಲು. ಗಂಗರತ್ನಮ್ಮನೂ ಹಾಗೇ ಮದುವೆಯಾದವಳು. ಮುಖ ಆಮೇಲೆ ಬರುತ್ತದೆ ಎಂದು ಕಾಯುವುದು ಅವಳಿಗೆ ಹೊಸದಲ್ಲ. ಆದರೂ ಆಸೆ ಇರುವುದಿಲ್ಲವೇ? ವಸ್ತ್ರದ ಅಂಚಿಗೆ ಬೆರಳು ತಾಗಿಸಿ ಒಮ್ಮೆ ಕೇಳಿಯೇಬಿಟ್ಟಳು.

"ನಂಗೂ ತೋರ್ಸಲ್ವಾ?"

ಅವನು ಅವಳ ಬೆರಳು ಹಿಡಿದುಕೊಂಡ. "ಮುಸುಕು ತೆಗೆಯೋ ದಿನ ನಿನ್ನ ಬಾಗಿಲಿಗೇ ಬಂದು ತೆಗೀತೀನಿ ರತ್ನ. ಹಗಲಲ್ಲಿ, ಎಲ್ಲಾರ ಮುಂದೆ. ಈ ಮಾವಿನ ಮರದಾಣೆ."

ಅಷ್ಟು ಸಾಕಾಯಿತು ಅವಳಿಗೆ. ಆ ಮಾತನ್ನು ಹಿಡಿದುಕೊಂಡು ಒಂದೂವರೆ ವರ್ಷ ಕಳೆದಳು. ನಡುವೆ ಪೊಲೀಸರು ಬಂದರು. ಮುಸುಕಿನವನು ಕೆರೆ ಹಿಂದಿನ ತೋಪಿನಲ್ಲಿ ಅಡಗುತ್ತಾನೆಂದು ಯಾರೋ ದೂರು ಕೊಟ್ಟಿದ್ದರು. ನರಸಿಂಹಪ್ಪ ಜಗಲಿಯಲ್ಲಿ ಕೂತು, "ನೋಡ್ಕೊಳ್ಳಿ ಸಾಮಿ, ನಮ್ದೇನು ಅಡ್ಡಿ" ಅನ್ನುವುದರಲ್ಲಿದ್ದ. ಎಂದೂ ಗಂಡಸರ ಮುಂದೆ ಬಾರದ ಗಂಗರತ್ನಮ್ಮ ಬಾಗಿಲಿಗೆ ಬಂದು ನಿಂತಳು.

"ಬಾವನೋರೇ, ಆ ತೋಪಲ್ಲಿ ದಿನಾ ಇರೋಳು ನಾನು. ಅಲ್ಲಿ ಗಂಡಸು ಅಡಗ್ತಾನೆ ಅಂದ್ರೆ ಯಾರ ಮಾನ ಹೋಗೋದು? ಪಾಳೇಗಾರರ ಮನೆ ಸೊಸೆ ತೋಪನ್ನ ಪೊಲೀಸ್ನೋರು ಜಾಲಾಡಿದ್ರು ಅಂತ ನಾಳೆ ಊರು ಆಡ್ಕೊಳ್ಳಲ್ವಾ?"

ಪೊಲೀಸಿನವನು ಟೋಪಿ ಸರಿಮಾಡಿಕೊಂಡು ಹೊರಟುಹೋದ. ಅವಳು ಒಳಗೆ ಬಂದು ಒಲೆಯ ಮುಂದೆ ಕೂತಳು. ಯಾವ ಸುಳ್ಳು ಅವಳು ಹೇಳುವಂತಾಗಬಾರದು ಎಂದು ಅವನು ಮುಖ ತಿರುಗಿಸಿಕೊಂಡಿದ್ದನೋ ಆ ಸುಳ್ಳನ್ನು ಮನೆತನದ ಮಾನವನ್ನೇ ಒತ್ತೆ ಇಟ್ಟು ಹೇಳಿದ್ದಳು. ನರಸಿಂಹಪ್ಪ ಏನೂ ಕೇಳಲಿಲ್ಲ. ಅವಳ ಹರಿದ ಸೆರಗನ್ನು ಬಹಳ ಹೊತ್ತು ನೋಡಿದ, ಅಷ್ಟೇ. ಆ ಮನುಷ್ಯ ಕೇಳದೆ ತಿಳಿದುಕೊಳ್ಳುವ ಜಾತಿ.

ಅಷ್ಟರಲ್ಲಿ ಸುಂಕದ ಗುತ್ತಿಗೆ ಕೈಬದಲಾಯಿತು. ಹೊಸಬನಿಗೆ ದಾರಿಯಲ್ಲಿ ಅಡ್ಡಹಾಕುವ ಧೈರ್ಯವಿರಲಿಲ್ಲ. ಮುಸುಕುದೊರೆಯ ಮೇಲಿನ ದೂರೂ ತಣ್ಣಗಾಯಿತು. ಅವನ ಹೆಸರು ಮಾತ್ರ ಬಿಸಿಯಾಗಿಯೇ ಇತ್ತು. ತಾಲ್ಲೂಕು ಬೋರ್ಡಿಗೆ ಚುನಾವಣೆ ಬರುತ್ತದೆ, ಅವನು ನಿಂತರೆ ಕಣ್ಣುಮುಚ್ಚಿ ಓಟು ಹಾಕುತ್ತೇವೆ ಎಂದು ಜನ ಆಡಿಕೊಳ್ಳತೊಡಗಿದರು.

ತೋಪಿಗೆ ಅವನು ಬರುವುದು ಕಡಿಮೆಯಾಯಿತು. ಬಂದರೂ ಮಾತು ಕಡಿಮೆ. ಶ್ರಾವಣದಲ್ಲಿ ಒಂದು ಮಧ್ಯಾಹ್ನ ಬಂದವನು ನಿಂತುಕೊಂಡೇ ಹೇಳಿದ.

"ಗೌರಿ ಹಬ್ಬದ ದಿನ ಬರ್ತೀನಿ ರತ್ನ. ಹೇಳಿದಂಗೇ. ನಿನ್ನ ಬಾಗಿಲಿಗೆ. ಸೀರೆ ತರ್ತೀನಿ."

"ಸೀರೆನಾ?"

"ಹೂಂ. ಎಲ್ಲಾರ ಮುಂದೆ ಕೊಡ್ತೀನಿ."

ವಿಧವೆಗೆ ಗಂಡಸು ಎಲ್ಲರ ಮುಂದೆ ಸೀರೆ ಕೊಡುವುದೆಂದರೆ ಏನೆಂದು ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? ಸೀರುಡಿಕೆ. ಪುರೋಹಿತರಿಲ್ಲ, ಧಾರೆಯಿಲ್ಲ. ನಾಲ್ಕು ಜನರೆದುರು ಸೀರೆ ಉಡಿಸಿ ಬಳೆ ತೊಡಿಸಿದರೆ ಅವಳು ಅವನ ಹೆಂಡತಿ. ದೊಡ್ಡಮನೆಯವರಲ್ಲಿ ಆ ಪದ್ಧತಿ ಇಲ್ಲ. ಆಂಜಿನಮ್ಮನವರಲ್ಲಿ ಇದೆ. ಆಂಜಿನಮ್ಮ ಈಗಿನ ಗಂಡನ ಮನೆಗೆ ಬಂದದ್ದೂ ಹಾಗೇ. ಸುದ್ದಿ ಕೇಳಿ ಅವಳು ಹಿತ್ತಲಲ್ಲೇ ಕುಣಿದಾಡಿದಳು.

"ನಮ್ ಕಡೆ ಮಾಡ್ಕೊಳ್ಳೋದನ್ನ ದೊರೆಗಳೂ ಮಾಡ್ಕೊಳ್ಳೋ ಕಾಲ ಬಂತು ನೋಡಿ ಅಮ್ಮಣ್ಣಿ! ಮೊದಲ್ನೇ ಸೀರೆ ಮರೀಬೋದು, ಸೀರುಡಿಕೆ ಸೀರೆ ಮರೆಯಕ್ಕಾಗಲ್ಲ."

"ಬಾವನೋರು ಬಿಡ್ತಾರೇನೇ?"

"ಊರೇ ಅವನ ಹಿಂದೆ ಬರ್ತದೆ, ಅವರೊಬ್ರು ಏನ್ ಮಾಡ್ತಾರೆ?"

ನರಸಿಂಹಪ್ಪ ಏನೂ ಮಾಡಲಿಲ್ಲ. ಬದಲಿಗೆ ಆ ದಿನಗಳಲ್ಲಿ ಅವನು ಬಹಳ ಒಳ್ಳೆಯವನಾಗಿಬಿಟ್ಟ. ಜಗಲಿಗೆ ಸುಣ್ಣ ಹೊಡೆಸಿದ. ಕೋಲಾರಕ್ಕೆ ಹೋಗಿ ಬಂದ. 'ಹಬ್ಬಕ್ಕೆ ದೊಡ್ಡೋರು ಬರ್ತಾರಂತೆ ರತ್ನಮ್ಮಾ, ಅಡಿಗೆ ಜಾಸ್ತಿ ಮಾಡಿಸು' ಎಂದು ನಗುನಗುತ್ತಾ ಹೇಳಿದ. ಅವನಿಗೂ ತಿಳಿದಿದೆ, ತಿಳಿದೂ ಒಪ್ಪಿದ್ದಾನೆ ಎಂದುಕೊಂಡು ಅವಳು ಮನಸ್ಸಿನಲ್ಲೇ ಅವನ ಕಾಲಿಗೆ ಬಿದ್ದಳು. ಗೌರಿ ಹಬ್ಬದಲ್ಲಿ ಗಂಡಸು ಸೀರೆ ಹೊತ್ತು ಬರುವುದಕ್ಕೆ ಇನ್ನೊಂದು ಕಾರಣವೂ ಇದೆಯೆಂದು ಅವಳಿಗೆ ಹೊಳೆಯಲೇ ಇಲ್ಲ. ಹೊಳೆಯುವುದಾದರೂ ಹೇಗೆ? ಅವಳ ಪಾಲಿಗೆ ಆ ಹಬ್ಬಕ್ಕೆ ಯಾವ ಅಣ್ಣನೂ ಎಂದೂ ಬಂದಿರಲಿಲ್ಲ.

ಹಬ್ಬದ ದಿನ ಬೆಳಗ್ಗೆ ತಲೆಗೆ ನೀರೆರೆದುಕೊಂಡಳು. ಹತ್ತು ಗಂಟೆಯ ಹೊತ್ತಿಗೆ ತಮಟೆ ಸದ್ದು ಕೇಳಿಸಿತು. ಕೆರೆ ಏರಿಯ ಮೇಲೆ ಜನವೋ ಜನ. ಮುಂದೆ ಕೊಪ್ಪೆ ಹಾಕಿಕೊಂಡು, ಮುಖಕ್ಕೆ ವಸ್ತ್ರ ಕಟ್ಟಿಕೊಂಡು ಅವನು. ಕೈಯಲ್ಲಿ ಹಿತ್ತಾಳೆ ತಟ್ಟೆ. ಹೆಂಗಸರು ದಾರಿಯುದ್ದಕ್ಕೂ ನೀರು ಹಾಕುತ್ತಿದ್ದಾರೆ. ದೊಡ್ಡಮನೆಯ ಬಾಗಿಲಿಗೆ ಬಂದು ನಿಂತ. ತಮಟೆ ನಿಂತಿತು. ಗಂಗರತ್ನಮ್ಮ ಹೊಸಿಲ ಒಳಗೆ ನಿಂತಿದ್ದಳು. ಪಕ್ಕದಲ್ಲಿ ಆಂಜಿನಮ್ಮ.

ತಟ್ಟೆಯನ್ನು ಇನ್ನೊಬ್ಬರ ಕೈಗೆ ಕೊಟ್ಟು ಅವನು ಕೊಪ್ಪೆ ತೆಗೆದ, ವಸ್ತ್ರ ಬಿಚ್ಚಿದ. ಜನ ಹೋ ಎಂದು ಕೂಗಿತು. ಮಾಸ್ತಿಯ ಕೋದಂಡರಾಮಪ್ಪ, ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಲೆಕ್ಕ ಬರೆಯುವವನು! ಎಷ್ಟೋ ಜನ ಅವನ ಹತ್ತಿರ ಬೀಡಿಗೆ ಬೆಂಕಿ ಕೇಳಿದ್ದವರು, ಗುರುತು ಹಿಡಿದು ಕುಣಿದರು. ಗಂಗರತ್ನಮ್ಮನಿಗೆ ಅವನ ಹೆಸರು ಗೊತ್ತಾದದ್ದೂ ಆಗಲೇ. ಅವಳ ಕಣ್ಣು ತಟ್ಟೆಯ ಮೇಲಿತ್ತು. ಹಸಿರು ಸೀರೆ, ರವಿಕೆ ಕಣ, ತೆಂಗಿನಕಾಯಿ, ಬಾಳೆಹಣ್ಣು. ಬಳೆ ಇರಲಿಲ್ಲ. ಹಣ್ಣಿನ ಅಡಿಯಲ್ಲಿರಬಹುದೇ ಎಂದು ಇಣುಕಿ ನೋಡಿದಳು. ಇರಲಿಲ್ಲ.

ಕೋದಂಡರಾಮಪ್ಪ ತಟ್ಟೆಯನ್ನು ಮತ್ತೆ ತೆಗೆದುಕೊಂಡು, ಜನರ ಕಡೆ ಅರ್ಧ ತಿರುಗಿ, ಗಟ್ಟಿಯಾಗಿ ಹೇಳಿದ.

"ಪೊಲೀಸ್ನೋರು ಬೆನ್ನಟ್ಟಿದಾಗ ನನ್ನ ಪ್ರಾಣ ಉಳಿಸಿದ್ದು ಈ ಮನೆ. ಈ ತಾಯಿಗೆ ಒಡಹುಟ್ಟಿದೋರಿಲ್ಲ. ಇವತ್ತಿಂದ ನಾನೇ ಅಣ್ಣ. ತಂಗೀ, ತವರಿನ ಸೀರೆ ತಗೋಮ್ಮ."

ಹೆಂಗಸರು ಕಣ್ಣೊರೆಸಿಕೊಂಡರು. 'ಹುಟ್ಟಿದರೆ ಇಂಥ ಅಣ್ಣ ಹುಟ್ಟಬೇಕು' ಅಂದರು. ನರಸಿಂಹಪ್ಪ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದ. ಗಂಗರತ್ನಮ್ಮ ಬೇಡ ಅನ್ನಬಹುದಿತ್ತು. ಅಂದರೆ ಯಾಕೆ ಎಂದು ಕೇಳುತ್ತಾರೆ. ಯಾಕೆ ಎಂದು ಹೇಳಿದರೆ ಕೆರೆಗೆ ಬೀಳುವುದೊಂದೇ ಉಳಿಯುವ ದಾರಿ. ಅಣ್ಣ ಅನ್ನುವ ಮಾತು ಹತ್ತು ಜನರ ಮುಂದೆ ಬಾಯಿಂದ ಬಿದ್ದರೆ ನಮ್ಮಲ್ಲಿ ಅದು ರಕ್ತದಷ್ಟೇ ಗಟ್ಟಿ. ಅದನ್ನು ದಾಟಿದವರನ್ನು ನಾಯಿಗೂ ಹೋಲಿಸುವುದಿಲ್ಲ. ಕೈನೀಡಿ ತಟ್ಟೆ ತೆಗೆದುಕೊಂಡಳು.

ಊಟದ ಗದ್ದಲದಲ್ಲಿ ಕೈತೊಳೆಯುವ ನೆಪ ಮಾಡಿಕೊಂಡು ಅವನು ಹಿತ್ತಲಿಗೆ ಬಂದ. ಅವಳು ಹಂಡೆಯ ಹತ್ತಿರ ನಿಂತಿದ್ದಳು.

"ಕೋಪ ಮಾಡ್ಕೋಬೇಡ ರತ್ನ. ಚುನಾವಣೆ ನೋಡು. ವಿಧವೆನ ಇಟ್ಕೊಂಡಿದಾನೆ ಅಂದ್ರೆ ಒಂದ್ ಓಟೂ ಬೀಳಲ್ಲ. ನರಸಿಂಹಪ್ಪನೋರೇ ದಾರಿ ಹೇಳ್ಕೊಟ್ರು. ತಂಗಿ ಅಂದ್ಬಿಡು, ಈ ಕಡೆ ಊರೂರೂ ನಿನ್ನ ಹಿಂದೆ ನಿಲ್ಲಿಸ್ತೀನಿ ಅಂದ್ರು. ಸೀರೆನೂ ಅವರೇ ಕೋಲಾರದಲ್ಲಿ ಆರಿಸಿದ್ದು."

ಹಾವು ಸತ್ತಿತ್ತು, ಕೋಲೂ ಮುರಿದಿರಲಿಲ್ಲ. ತೋಪು ಇನ್ನು ನರಸಿಂಹಪ್ಪನ ಮಕ್ಕಳಿಗೇ.

"ಮದುವೆ ಆಗ್ತೀನಿ ಅಂದಿದ್ದಲ್ಲಾ?" ಅಂದಳು ಗಂಗರತ್ನಮ್ಮ.

"ನಾನು ಯಾವತ್ತಾದ್ರೂ ಹಂಗಂತ ಬಾಯಿಬಿಟ್ಟು ಹೇಳಿದ್ನಾ? ಬಾಗಿಲಿಗೆ ಬರ್ತೀನಿ ಅಂದೆ, ಬಂದೆ. ಹಗಲಲ್ಲಿ ಅಂದೆ, ಹಗಲಲ್ಲೇ ಬಂದೆ."

ಅವಳು ಅವನಾಡಿದ ಒಂದೊಂದು ಮಾತನ್ನೂ ಕೆದಕಿ ನೋಡಿದಳು. ನಿಜವೇ. ಆ ಮಾತು ಎಲ್ಲೂ ಇರಲಿಲ್ಲ. ಅವಳೂ ಕೇಳಿರಲಿಲ್ಲ. ಮೋಸ ಮಾಡಿದವನು ಕೊಟ್ಟ ಮಾತಿಗೆ ಒಂದು ಚೂರೂ ತಪ್ಪಿರಲಿಲ್ಲ!

ಅವನು ಇನ್ನೂ ಹತ್ತಿರ ಬಂದ. "ಯೋಚನೆ ಮಾಡು, ಇದೇ ಒಳ್ಳೇದಾಯ್ತು. ಇನ್ಮೇಲೆ ಕದ್ದುಮುಚ್ಚಿ ಬರೋದು ಬೇಡ. ಅಣ್ಣ ತಂಗಿ ಮನೆಗೆ ಬಂದ್ರೆ ಯಾರು ಕೇಳ್ತಾರೆ? ಸಾಯಂಕಾಲ ಎಲ್ಲಾ ಹೋದ್ಮೇಲೆ ಹಿತ್ತಲ ಬಾಗಿಲು ಹಾಕ್ಬೇಡ."

ತಂಗಿ ಅಂದದ್ದಕ್ಕಿಂತ ಹೆಚ್ಚು ಸುಟ್ಟದ್ದು ಈ ಮಾತು. ಮೈಮೇಲೆ ಕುದಿಯುವ ಎಸರು ಬಿದ್ದ ಹಾಗಾಯಿತು. ಆಡುವುದು ಮಡಿ, ಉಂಬುವುದು ಮೈಲಿಗೆ. ಅವನಿಗೆ ಗೋಣಿಚೀಲ ಹೋಗಿ ಇನ್ನೊಂದು ಮುಸುಕು ಸಿಕ್ಕಿತ್ತು. ಅವಳಿಗೆ ಸಿಕ್ಕಿದ್ದು ಅಣ್ಣ. ಅವಳು ಒಳಗಿದ್ದವರಿಗೆಲ್ಲ ಕೇಳುವಂತೆ ಕೂಗಿ ಹೇಳಿದಳು.

"ಆಂಜಿನಮ್ಮಾ! ಅಣ್ಣ ದಾರಿ ತಪ್ಪಿ ಹಿತ್ತಲಿಗೆ ಬಂದಿದಾನೆ ನೋಡು. ಜಗಲಿಗೆ ಕರ್ಕೊಂಡು ಹೋಗಿ ಬಾವನೋರ ಪಕ್ಕದಲ್ಲೇ ಎಲೆ ಹಾಕು. ಅಣ್ಣಾ, ತಂಗಿ ಮನೆಗೆ ಬರೋನು ಮುಂದಿನ ಬಾಗಿಲಿಂದ ಬರ್ಬೇಕು ಕಣಪ್ಪಾ. ಹಿತ್ತಲಿಗೆ ಬರೋನು ಕಳ್ಳ."

ಅವನು ಮುಖ ಕೆಂಪಾಗಿಸಿಕೊಂಡು ಜಗಲಿಗೆ ಹೋದ. ಅವಳೇ ನಿಂತು ಹೋಳಿಗೆ ಬಡಿಸಿದಳು, 'ಇನ್ನೊಂದು ಹಾಕ್ಸ್ಕೊ ಅಣ್ಣಾ' ಎಂದು ಬಲವಂತ ಮಾಡಿದಳು. ನೋಡಿದವರಿಗೆ ಕಣ್ತುಂಬಿ ಬಂತು. ಎಲ್ಲರೂ ಹೋದ ಮೇಲೆ ಹಿತ್ತಲ ಬಾಗಿಲಿಗೆ ಅಗುಳಿ ಹಾಕಿ, ಅದಕ್ಕೇ ಬೆನ್ನುಕೊಟ್ಟು ಕೂತು ಅತ್ತಳು. ಆಂಜಿನಮ್ಮ ಸಮಾಧಾನ ಹೇಳಲಿಲ್ಲ. ಜೊತೆಯಲ್ಲಿ ಕೂತು ಅವಳೂ ಅತ್ತಳು.

ಕೋದಂಡರಾಮಪ್ಪ ಗೆದ್ದ. ಆಮೇಲೂ ಗೆದ್ದ. ಮೀಸೆ ದಪ್ಪವಾಯಿತು, ಮದುವೆಯಾಯಿತು, ಜೀಪು ಬಂತು. ಗೌರಿ ಹಬ್ಬಕ್ಕೆ ಸೀರೆ ಮಾತ್ರ ಒಂದು ವರ್ಷವೂ ತಪ್ಪಲಿಲ್ಲ. ಮುಸುಕುದೊರೆ ಒಬ್ಬ ವಿಧವೆಯನ್ನು ಒಡಹುಟ್ಟಿದವಳಂತೆ ಕಂಡ ಕಥೆಯನ್ನು ಮೇಷ್ಟ್ರುಗಳು ಶಾಲೆಯಲ್ಲಿ ಮಕ್ಕಳಿಗೆ ಹೇಳಿದರು, ಈಗಲೂ ಹೇಳುತ್ತಾರೆ. ಕೇಳಿದರೆ ಮೈ ಉರಿಯುತ್ತದೆ. ಗಂಗರತ್ನಮ್ಮ ಅದನ್ನು ಒಮ್ಮೆಯೂ ಅಲ್ಲ ಅನ್ನಲಿಲ್ಲ. ಉಪ್ಪಿನಕಾಯಿ ಹಾಕಿದಳು, ಹಸು ಕಟ್ಟಿದಳು, ಬಂದ ಸೀರೆಗಳನ್ನು ಆಂಜಿನಮ್ಮನ ಹೆಣ್ಣುಮಕ್ಕಳ ಮದುವೆಗೆ ಕೊಟ್ಟಳು. ತೋಪಿಗೆ ಮತ್ತೆ ಕಾಲಿಡಲಿಲ್ಲ. ಅವನು ಬಂದಾಗಲೆಲ್ಲ ಮುಂದಿನ ಬಾಗಿಲು ತೆರೆದಳು, 'ಬಾ ಅಣ್ಣಾ' ಅಂದಳು, ತಲೆ ಬಗ್ಗಿಸಿಕೊಂಡು ಬಡಿಸಿದಳು.

ಎಂಬತ್ತಾರರ ಹಬ್ಬದಲ್ಲಿ ನರಸಿಂಹಪ್ಪ ಎದ್ದು ಕೈತೊಳೆಯಲು ಹೋದಾಗ ಜಗಲಿಯಲ್ಲಿ ಅವರಿಬ್ಬರೇ ಉಳಿದರು. ಕೋದಂಡರಾಮಪ್ಪನ ಕೂದಲು ಆಗಲೇ ನರೆತಿತ್ತು. ಎಲೆಯ ಮುಂದೆ ಕೈಕಟ್ಟಿಕೊಂಡು, ಸಣ್ಣ ಧ್ವನಿಯಲ್ಲಿ ಕೇಳಿದ.

"ನಂಗೂ ತೋರ್ಸಲ್ವಾ ಅಂತ ಆಗ ಎಷ್ಟು ಆಸೆಯಿಂದ ಕೇಳಿದ್ದೆ ರತ್ನ. ಇಷ್ಟು ವರ್ಷ ಆಯ್ತು, ಒಂದ್ಸಲನೂ ತಲೆಯೆತ್ತಿ ನನ್ನ ಮುಖ ನೋಡಿಲ್ಲ ನೀನು."

"ನೋಡಿದೀನಿ ಬಿಡಣ್ಣ," ಅಂದಳು ಗಂಗರತ್ನಮ್ಮ, ಎಲೆಗೆ ತುಪ್ಪ ಬಡಿಸುತ್ತಾ. "ಆವತ್ತು ಊರೆಲ್ಲಾ ನೋಡ್ತಲ್ಲ, ಅವರ ಜೊತೆ ನಾನೂ ನೋಡ್ದೆ. ನಂಗೇ ಅಂತ ತೋರ್ಸೋಕೆ ನಿನ್ನ ಹತ್ರ ಬೇರೆ ಮುಖ ಇರ್ಲಿಲ್ಲ."